ಹೊಲದಲ್ಲಿ ಪಾಂಡವರ ಗುಡಿ, ಮೇಲೆ ಕರೆಂಟ್ ಲೈನ್: ಮೊದಲು ಏನು ನೋಡಬೇಕು?

ಪ್ರಶ್ನೆ: ಮೇಡಂ, ನಮ್ಮದು ಹೊಸಕೋಟೆ ತಾಲ್ಲೂಕಿನ ಒಂದು ಹಳ್ಳಿ. ನಾನು ಕೆಲಸಕ್ಕೆ ಬೆಂಗಳೂರಿನಲ್ಲಿದ್ದೇನೆ, ಜಮೀನು ಅಪ್ಪ ನೋಡಿಕೊಳ್ಳುತ್ತಾರೆ. ನಮ್ಮ ರಾಗಿ ಹೊಲದ ಮೇಲೆ 220 ಕೆ.ವಿ. ಲೈನ್ ಹೋಗುತ್ತದಂತೆ. ಹೋದ ತಿಂಗಳು ಸರ್ವೆಯವರು ಬಂದು ಗೂಟ ಹೊಡೆದು ಹೋದರು. ಹೊಲದ ಬದುವಿನಲ್ಲಿ ನಾವು 'ಪಾಂಡವರ ಗುಡಿ' ಅನ್ನುವ ದೊಡ್ಡ ಚಪ್ಪಡಿಗಳಿವೆ. ಕೆರೆ ಏರಿ ಕಡೆ ಒಂದು ವೀರಗಲ್ಲು ಇದೆ. ಉಳುವಾಗ ಮಡಕೆ ಚೂರು ಜಾಸ್ತಿ ಸಿಗುತ್ತವೆ. ಇಂಥ ಕಡೆ ಟವರ್ ಹಾಕುವ ಮೊದಲು ಪುರಾತತ್ವದವರು ಸರ್ವೆ ಮಾಡಲೇಬೇಕು ಅಲ್ವಾ? ಅಪ್ಪ ಮಾತ್ರ 'ಸುಮ್ನೆ ಇರು, ಹೇಳಿದರೆ ಜಮೀನೇ ಹೋಗುತ್ತೆ' ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ತಂದೆಯವರ ಹೆದರಿಕೆಯಿಂದಲೇ ಶುರು ಮಾಡುತ್ತೇನೆ. ಈ ಮಾತನ್ನು ನಾನು ಹೋದ ಹಳ್ಳಿಯಲ್ಲೆಲ್ಲ ಕೇಳಿದ್ದೇನೆ. ಇದೊಂದು ಹೆದರಿಕೆಯಿಂದ ಎಷ್ಟೋ ಕಲ್ಲುಗಳು ರಾತ್ರೋರಾತ್ರಿ ಬದುವಿನಿಂದ ಹಳ್ಳಕ್ಕೆ ಉರುಳಿವೆ.

ಹೊಲದಲ್ಲಿ ಹಳೇ ಕಲ್ಲು ಇದೆ ಅಂತ ಅರ್ಜಿ ಕೊಟ್ಟ ಮಾತ್ರಕ್ಕೆ ಜಮೀನು ಹೋಗುವುದಿಲ್ಲ. ಒಂದು ಜಾಗ ಕೇಂದ್ರದ ರಕ್ಷಿತ ಸ್ಮಾರಕ ಆಗಬೇಕಾದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಮೊದಲು ಗೆಜೆಟ್‌ನಲ್ಲಿ ಪ್ರಕಟಣೆ ಬರಬೇಕು. ಅದರ ಪ್ರತಿಯನ್ನು ಸ್ಥಳದಲ್ಲೂ ಅಂಟಿಸಬೇಕು. ಆಕ್ಷೇಪಣೆ ಹೇಳಲು ಎರಡು ತಿಂಗಳು ಟೈಮ್ ಇರುತ್ತದೆ. ಅದೆಲ್ಲ ಮುಗಿದ ಮೇಲೂ ಜಮೀನು ತಾನಾಗಿ ಸರ್ಕಾರದ ಹೆಸರಿಗೆ ಬರುವುದಿಲ್ಲ. ಮಾಲೀಕರ ಜೊತೆ ಒಪ್ಪಂದ ಮಾಡಿಕೊಂಡು ಸ್ಮಾರಕ ಕಾಪಾಡುವ ದಾರಿ ಕಾನೂನಿನಲ್ಲೇ ಇದೆ. ನಿಜ ಹೇಳಬೇಕೆಂದರೆ, ಬೆಂಗಳೂರಿನ ಸುತ್ತ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಹೆಚ್ಚಿನವಕ್ಕೆ ಇಂಥ ರಕ್ಷಣೆ ಯಾವತ್ತೂ ಸಿಕ್ಕಿಲ್ಲ. ನಿಮ್ಮ ಪಹಣಿಯಲ್ಲಿ ತಂದೆಯವರ ಹೆಸರು ಹಾಗೇ ಇರುತ್ತದೆ ಅಂತ ಅವರಿಗೆ ಹೇಳಿ.

ಇನ್ನು ನಿಮ್ಮ ಪ್ರಶ್ನೆ, 'ಸರ್ವೆ ಮಾಡಲೇಬೇಕು ಅಲ್ವಾ?' ಮಾಡಬೇಕು ಅಂತ ನಾನು ನಂಬುತ್ತೇನೆ. ಆದರೆ ನಮ್ಮಲ್ಲಿ ಕಾನೂನು ಹಾಗೆ ಹೇಳುವುದಿಲ್ಲ. ಅಮೆರಿಕದಲ್ಲಿ 1966ರ ಕಾಯ್ದೆಯೊಂದರ ಪ್ರಕಾರ, ಫೆಡರಲ್ ಸರ್ಕಾರದ ದುಡ್ಡು ಅಥವಾ ಪರವಾನಗಿ ಇರುವ ಕೆಲಸಕ್ಕೆ ಮೊದಲು ಅಲ್ಲಿನ ಹಳೆಯ ನೆಲೆಗಳ ಮೇಲೆ ಏನು ಪರಿಣಾಮ ಆಗುತ್ತದೆ ಅಂತ ನೋಡಲೇಬೇಕು. ಇಂಗ್ಲೆಂಡಿನಲ್ಲಿ 1990ರಿಂದ ಆ ಖರ್ಚನ್ನು ಕಟ್ಟುವವರೇ ಹೊರುವ ಪದ್ಧತಿ ಬೆಳೆದಿದೆ. ನಮ್ಮಲ್ಲಿ ಪ್ರತಿ ಯೋಜನೆಗೂ ಪುರಾತತ್ವ ಸಮೀಕ್ಷೆ ಆಗಲೇಬೇಕು ಎನ್ನುವ ಸಾಮಾನ್ಯ ಕಾನೂನು ಇಲ್ಲ. ಪರಿಸರ ಅನುಮತಿಯ ಅರ್ಜಿಯಲ್ಲಿ ಇಂಥ ಒಂದೆರಡು ಪ್ರಶ್ನೆ ಇವೆ. ಆದರೆ 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ವಿದ್ಯುತ್ ಪ್ರಸರಣ ಲೈನ್‌ಗಳೇ ಇಲ್ಲ. ಹಾಗಾಗಿ ಆ ಪ್ರಶ್ನೆ ಯಾರೂ ಕೇಳುವುದಿಲ್ಲ.

ಸ್ಮಾರಕದಿಂದ 100 ಮೀಟರ್ ಒಳಗೆ ಏನೂ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು ಅಂತ ನೀವು ಕೇಳಿರಬಹುದು. 2010ರ ತಿದ್ದುಪಡಿಯಲ್ಲಿ ಬಂದ ನಿಯಮ ಅದು. ಅದು ಕೇಂದ್ರದ ರಕ್ಷಿತ ಸ್ಮಾರಕಗಳಿಗೆ, ಅಂದರೆ ದೇವನಹಳ್ಳಿ ಕೋಟೆ, ಕಲಾಸಿಪಾಳ್ಯದ ಹತ್ತಿರದ ಟಿಪ್ಪು ಅರಮನೆಯಂಥವಕ್ಕೆ. ಅಲ್ಲೂ ಒಂದು ಕಂಡಿ ಇದೆ: ಜನರಿಗೆ ವಿದ್ಯುತ್ ಪೂರೈಸುವ, ಹಂಚುವ ಕೆಲಸವನ್ನು ಆ ತಿದ್ದುಪಡಿ 'ನಿರ್ಮಾಣ' ಎಂಬ ಪದದ ಅರ್ಥದಿಂದಲೇ ಹೊರಗಿಟ್ಟಿದೆ. ಸ್ಮಾರಕದ ಸ್ವಂತ ಜಾಗದಲ್ಲಿ ಅಗೆಯಲು ಅನುಮತಿ ಬೇಕು, ಆ ಮಾತು ಬೇರೆ. ನಿಮ್ಮ ಬದುವಿನ ಚಪ್ಪಡಿಗಳಿಗಂತೂ ಇದ್ಯಾವುದೂ ಅನ್ವಯಿಸುವುದಿಲ್ಲ.

ಹಾಗಂತ ಬಾಗಿಲು ಮುಚ್ಚಿಲ್ಲ. ವಿಶ್ವಬ್ಯಾಂಕಿನಂಥ ಕಡೆಯಿಂದ ಸಾಲ ತಂದ ಯೋಜನೆಗಳಲ್ಲಿ ಪರಂಪರೆಯ ನೆಲೆಗಳನ್ನು ಮೊದಲೇ ಗುರುತಿಸಬೇಕು, ಅಗೆಯುವಾಗ ಏನಾದರೂ ಸಿಕ್ಕರೆ ಕೆಲಸ ನಿಲ್ಲಿಸಿ ತಿಳಿಸಬೇಕು ಎನ್ನುವ ಷರತ್ತು ಇರುತ್ತದೆ. ನಿಮ್ಮ ಲೈನ್‌ಗೆ ದುಡ್ಡು ಎಲ್ಲಿಂದ ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಮಾರ್ಗದ ನಕ್ಷೆಯನ್ನೂ ಅದೇ ಅರ್ಜಿಯಲ್ಲಿ ಕೇಳಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಲೈನ್ ಎಳೆಯುವವರು ನಿಮ್ಮ ಜಮೀನನ್ನು ಕೊಂಡುಕೊಳ್ಳುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್ನಿನಡಿ, ಹಳೆಯ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಪಡೆದು ಜಮೀನನ್ನು ಬಳಸುತ್ತಾರೆ. ಅದೇ ಟೆಲಿಗ್ರಾಫ್ ಕಾಯ್ದೆಯ 10ನೇ ಸೆಕ್ಷನ್, ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕು ಅನ್ನುತ್ತದೆ. ತಕರಾರು ಬಂದರೆ ವಿಷಯ ಜಿಲ್ಲಾಧಿಕಾರಿ ಮುಂದೆ ಹೋಗುತ್ತದೆ. 'ಆದಷ್ಟು ಕಡಿಮೆ ಹಾನಿ' ಎನ್ನುವ ಆ ಮಾತೇ ನಿಮಗೆ ಆಧಾರ. ನಿಮ್ಮ ಪಾಂಡವರ ಗುಡಿ ಬಹುಶಃ ಒಂದು ಹಳೆಯ ಕಲ್ಲುಗೋರಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಟವರನ್ನು ಮೂವತ್ತು ಮೀಟರ್ ಆಚೆ ಇಟ್ಟರೆ ಎರಡು ಸಾವಿರ ವರ್ಷದ ಗೋರಿ ಉಳಿಯುತ್ತದೆ ಅಂತಾದರೆ, ಅದಕ್ಕಿಂತ ಕಡಿಮೆ ಹಾನಿಯ ದಾರಿ ಇನ್ಯಾವುದಿದೆ?

ಮೂವತ್ತು ಮೀಟರ್ ಅಂತ ಸುಮ್ನೆ ಹೇಳಲಿಲ್ಲ. 220 ಕೆ.ವಿ. ಲೈನ್‌ನಲ್ಲಿ ಎರಡು ಟವರ್‌ಗಳ ನಡುವೆ ಸಾಮಾನ್ಯವಾಗಿ 350 ಮೀಟರ್ ಆಸುಪಾಸು ಅಂತರ ಇರುತ್ತದೆ. ಲೈನ್ ತಿರುಗುವ ಕಡೆಯ ಟವರ್ ಕದಲಿಸುವುದು ಕಷ್ಟ. ಅದನ್ನು ಸರಿಸಿದರೆ ಎರಡೂ ಕಡೆ ಮಾರ್ಗ ಬದಲಾಗುತ್ತದೆ. ಆದರೆ ನೇರ ಸಾಲಿನ ನಡುವಿನ ಟವರನ್ನು ಅದೇ ಗೆರೆಯ ಮೇಲೆ ಸ್ವಲ್ಪ ಹಿಂದೆ ಮುಂದೆ ಮಾಡಬಹುದು. ಕೆರೆ, ರಸ್ತೆ, ಬಾವಿ ಬಂದಾಗ ಎಂಜಿನಿಯರ್‌ಗಳು ಇದನ್ನು ದಿನಾ ಮಾಡುತ್ತಾರೆ. ಪಾಂಡವರ ಗುಡಿಗೂ ಮಾಡಬಹುದು. ನಕ್ಷೆಯ ಮೇಲೆ ಪೆನ್ಸಿಲ್ ಗುರುತು ಇರುವಾಗ ಇದಕ್ಕೆ ಖರ್ಚೇ ಇಲ್ಲ. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಕೇಳುವುದಿಲ್ಲ. ನಿಮ್ಮ ಹೊಲದಲ್ಲಿ ಈಗ ಗೂಟ ಮಾತ್ರ ಇದೆ. ನೀವು ಮಾತಾಡಬೇಕಾದ ಸಮಯ ಇದೇ.

ಒಂದು ಒಳ್ಳೆಯ ಸಮೀಕ್ಷೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಜನ ತಿಳಿದುಕೊಂಡಿರುವ ಹಾಗೆ ಅದು ಗುದ್ದಲಿ ಹಿಡಿದು ಅಗೆಯುವ ಕೆಲಸ ಅಲ್ಲವೇ ಅಲ್ಲ. ಅಗೆಯಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು, ರಾಜ್ಯ ಸರ್ಕಾರದ ಇಲಾಖೆಗೂ ಬೇಕು. ಸಮೀಕ್ಷೆ ಶುರುವಾಗುವುದು ಮೇಜಿನ ಮುಂದೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಹುಟ್ಟಿದ್ದು 1885ರಲ್ಲಿ. ಅದರ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ ಅವರು ಊರೂರು ಸುತ್ತಿ ಸೇರಿಸಿದ ಶಾಸನಗಳಲ್ಲಿ ಬೆಂಗಳೂರು ಜಿಲ್ಲೆಯವು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಮಾಲೆಯ 9ನೇ ಸಂಪುಟದಲ್ಲಿ 1905ರಲ್ಲಿ ಅಚ್ಚಾದವು. ತಾಲ್ಲೂಕು, ಊರು ಹೆಸರು ಹಿಡಿದು ಹುಡುಕಿದರೆ ನಿಮ್ಮೂರ ಕಲ್ಲು ಅದರಲ್ಲೇ ಇರಬಹುದು. ಆಮೇಲೆ ಗ್ರಾಮ ನಕಾಶೆ. ಅದರಲ್ಲಿ ಬೇಚಿರಾಕ್ ಅಂತ ಬರೆದ ಊರುಗಳನ್ನು, ಅಂದರೆ ಜನ ಬಿಟ್ಟುಹೋದ ಊರುಗಳನ್ನು ಗುರುತು ಮಾಡಿಕೊಳ್ಳಬೇಕು. ಹೊಲದ ಹೆಸರು ಕೇಳಬೇಕು. ಕೋಟೆ ಹೊಲ, ಗುಡಿ ಹೊಲ, ಹಾಳೂರು ದಿಬ್ಬ ಅಂತ ಅಜ್ಜಿಯರು ಹೇಳುವ ಹೆಸರುಗಳು ಎಷ್ಟೋ ಸಲ ಉಪಗ್ರಹ ಚಿತ್ರಕ್ಕಿಂತ ಮೊದಲೇ ದಾರಿ ತೋರಿಸಿವೆ.

ನಂತರ ನಡೆಯುವುದು. 220 ಕೆ.ವಿ. ಲೈನ್‌ಗೆ 35 ಮೀಟರ್ ಅಗಲದ ಪಟ್ಟಿ ಬೇಕು. ನಾಲ್ಕು ಜನ ಹತ್ತು ಹತ್ತು ಮೀಟರ್ ಬಿಟ್ಟು ಸಾಲಾಗಿ ನಿಂತು ತಲೆ ತಗ್ಗಿಸಿ ನಡೆದರೆ ಆ ಪಟ್ಟಿಯೆಲ್ಲ ಕಣ್ಣಿಗೆ ಬೀಳುತ್ತದೆ. ಹತ್ತು ಕಿಲೋಮೀಟರ್ ಲೈನ್ ಅಂದರೆ ಸುಮಾರು 86 ಎಕರೆ. ನಾಲ್ಕೈದು ದಿನದ ಕೆಲಸ. ಟವರ್ ಒಟ್ಟು ಮೂವತ್ತರ ಒಳಗೆ. ಕೋಟಿಗಟ್ಟಲೆ ರೂಪಾಯಿಯ ಕೆಲಸದಲ್ಲಿ ಈ ನಾಲ್ಕೈದು ದಿನಕ್ಕೆ ಜಾಗ ಇಲ್ಲ ಅಂದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಯಾವಾಗ ನಡೆಯಬೇಕು ಅನ್ನುವುದೂ ಮುಖ್ಯ. ರಾಗಿ ಎದ್ದು ನಿಂತಾಗ ಹೋದರೆ ನೆಲವೇ ಕಾಣುವುದಿಲ್ಲ. ಉತ್ತು ಬಿಟ್ಟ ಹೊಲಕ್ಕೆ ಮೊದಲ ಮಳೆ ಬಿದ್ದ ಮೇಲೆ ಹೋಗಬೇಕು. ಧೂಳು ತೊಳೆದು ಹೋಗಿ ಚೂರುಗಳು ಮೇಲೆ ಎದ್ದು ಕೂತಿರುತ್ತವೆ.

ಈ ಚೂರುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಹೊಲದ ಕಥೆ ಅವುಗಳಲ್ಲೇ ಇದೆ. ಚಿಕ್ಕಂದಿನಲ್ಲಿ ಬೋಕಿಬಿಲ್ಲೆ ಆಡಿದ್ದೀರಲ್ಲ, ಅಂಥದ್ದೇ ಒಂದು ಬೋಕಿ ಕೈಗೆ ತೆಗೆದುಕೊಳ್ಳಿ. ಹೊರಮೈ ಕೆಂಪು, ಒಳಮೈ ಮತ್ತು ಬಾಯಂಚು ಕಪ್ಪು ಇದೆಯಾ ನೋಡಿ. ಇದ್ದರೆ ಅದು ನಿನ್ನೆ ಮೊನ್ನೆಯ ಕುಂಬಾರರ ಮಡಕೆ ಇರಲಾರದು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿ ಸಿಗದ ಒಳಭಾಗ ಕಪ್ಪಾಗುತ್ತದೆ, ಗಾಳಿ ಸಿಕ್ಕ ಹೊರಭಾಗ ಕೆಂಪಾಗುತ್ತದೆ. ಬೃಹತ್ ಶಿಲಾಯುಗದ, ಅಂದರೆ ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದ ಕಾಲದ ಗೋರಿಗಳಲ್ಲಿ ಸಿಗುವ ಕಪ್ಪು-ಕೆಂಪು ಮಡಕೆ ಇದು. ಹೆಬ್ಬೆರಳಿನಿಂದ ಮೈ ಸವರಿ. ಕಲ್ಲಿನಿಂದ ಉಜ್ಜಿ ಹೊಳಪು ಕೊಟ್ಟಿದ್ದರಿಂದ ಇಷ್ಟು ವರ್ಷದ ಮೇಲೂ ನುಣುಪಾಗಿರುತ್ತದೆ. ಮುರಿದ ಅಂಚು ನೋಡಿ. ಅಂಚು ಮೊಂಡಾಗಿ ಮಣ್ಣು ಹಿಡಿದಿದ್ದರೆ ಹಿಂದೆಯೇ ಒಡೆದದ್ದು. ಚೂಪಾಗಿ, ಒಳಗಿನ ಬಣ್ಣ ತಾಜಾ ಇದ್ದರೆ ಈ ವರ್ಷದ ಟ್ರ್ಯಾಕ್ಟರ್ ಒಡೆದದ್ದು. ಅಂದರೆ ಕೆಳಗೆ ಇನ್ನೂ ಇಡೀ ಮಡಕೆಗಳಿರಬಹುದು, ನೇಗಿಲು ಈಗಷ್ಟೇ ಅವನ್ನು ಮುಟ್ಟುತ್ತಿದೆ ಅಂತ ಅರ್ಥ. ಜೊತೆಗೆ ಕಪ್ಪಗೆ, ತೂತು ತೂತಾಗಿ, ಕೈಗೆ ಭಾರವಾದ ಉಂಡೆಗಳು ಸಿಕ್ಕರೆ ಅದು ಕಬ್ಬಿಣದ ಕಿಟ್ಟ. ಹತ್ತಿರದಲ್ಲೇ ಯಾರೋ ಕಬ್ಬಿಣ ಕರಗಿಸಿದ್ದಾರೆ.

ನಿಮ್ಮ 'ಪಾಂಡವರ ಗುಡಿ' ಇಂಥದ್ದೇ ಒಂದು ಕಲ್ಲುಗೋರಿ ಇರುವ ಸಾಧ್ಯತೆ ಜಾಸ್ತಿ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚುಗಲ್ಲು ಹಾಕಿರುತ್ತಾರೆ. ಒಂದು ಚಪ್ಪಡಿಯಲ್ಲಿ ದುಂಡಗಿನ ಕಂಡಿ ಇರುವುದೂ ಉಂಟು. ಸುತ್ತ ಗುಂಡುಕಲ್ಲುಗಳ ವೃತ್ತ ಇದೆಯಾ ಅಂತ ನೋಡಿ. ನಿಮ್ಮ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1950ರ ದಶಕದಲ್ಲೇ ಇಂಥ ಗೋರಿಗಳನ್ನು ಅಗೆದು ನೋಡಿದ್ದಾರೆ. ಏರ್‌ಪೋರ್ಟ್ ರಸ್ತೆಯ ಚಿಕ್ಕಜಾಲ, ಬಿಡದಿ ದಾರಿಯ ಹೆಜ್ಜಾಲ, ಮಾಗಡಿ ಕಡೆಯ ಸಾವನದುರ್ಗ, ಎಲ್ಲ ಕಡೆ ಇವು ಇವೆ. ಹಾಗಾಗಿ ನಿಮ್ಮ ಬದುವಿನ ಕಲ್ಲು ಒಂಟಿ ಅಂತ ತಿಳಿಯಬೇಡಿ. ಒಂದು ಕಂಡ ಕಡೆ ಸುತ್ತ ಇನ್ನೂ ಕೆಲವು ಮಣ್ಣಿನಡಿ ಇರುವುದೇ ಹೆಚ್ಚು. ಆದ್ದರಿಂದಲೇ ಗೂಟ ಚಪ್ಪಡಿಯಿಂದ ದೂರ ಇದೆ ಅಂತ ಸಮಾಧಾನ ಪಡುವಂತಿಲ್ಲ.

ನಾನೇ ಕಂಡದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಆನೇಕಲ್ ಕಡೆ ಒಂದು ಲೈನ್ ಕೆಲಸ ನೋಡಲು ಹೋಗಿದ್ದೆ. ಟವರ್ ಜಾಗದಲ್ಲಿ ಕಲ್ಲುಗೋರಿ ಇದೆ ಅಂತ ಊರಿನ ಒಬ್ಬ ಮೇಷ್ಟ್ರು ಮೊದಲೇ ಹೇಳಿದ್ದರು. ಎಂಜಿನಿಯರ್ ಒಳ್ಳೆಯವರು, ಟವರನ್ನು ಸರಿಸಿದ್ದರು. ನಾನು ಖುಷಿಯಾಗಿ ಹೋದೆ. ಹೋಗಿ ನೋಡಿದರೆ ಸರಿಸಿದ ಟವರ್‌ಗೆ ಜಲ್ಲಿ ಲಾರಿ ಬರಲಿ ಅಂತ ಜೆಸಿಬಿಯಿಂದ ದಾರಿ ಮಾಡಿದ್ದರು. ಆ ದಾರಿ ಗೋರಿಯ ಮೇಲೇ ಹೋಗಿತ್ತು. ಮುಚ್ಚುಗಲ್ಲು ಎರಡು ಹೋಳಾಗಿ ಪಕ್ಕಕ್ಕೆ ಬಿದ್ದಿತ್ತು. ಚಕ್ರದ ಗುರುತಿನೊಳಗೆ ಕಪ್ಪು-ಕೆಂಪು ಮಡಕೆಯ ಚೂರುಗಳು, ಅಂಚು ಇನ್ನೂ ತಾಜಾ. ಡ್ರೈವರ್ ಹುಡುಗ ಪಾಪ, 'ಟವರ್ ಹತ್ರ ಮಾತ್ರ ಹುಷಾರು ಅಂದ್ರು ಮೇಡಂ' ಅಂದ. ಅವನದೇನೂ ತಪ್ಪಿರಲಿಲ್ಲ. ದಾರಿಯನ್ನೂ ನಕ್ಷೆಯಲ್ಲಿ ಗುರುತು ಮಾಡಿ ಅಂತ ಹೇಳಬೇಕಾದವರು ಹೇಳಿರಲಿಲ್ಲ. ಮೇಷ್ಟ್ರು ಆ ಚೂರುಗಳನ್ನೆಲ್ಲ ಆಯ್ದು ಒಂದು ಸಿಮೆಂಟ್ ಚೀಲದಲ್ಲಿ ಕಟ್ಟಿಟ್ಟರು. ಆ ಚೀಲ ಈಗಲೂ ನನ್ನ ಕಣ್ಣ ಮುಂದಿದೆ.

ಅದಕ್ಕೇ ಹೇಳುತ್ತಿದ್ದೇನೆ. ಟವರಿನ ನಾಲ್ಕು ಕಾಲಿನ ಗುಂಡಿ ತಲಾ ಮೂರು ಮೀಟರ್ ಆಳ ಇರಬಹುದು, ಆದರೆ ಅದು ಕಣ್ಣಿಗೆ ಕಾಣುವ ಹಾನಿ. ಲಾರಿ ಬರುವ ದಾರಿ, ಕಬ್ಬಿಣ ಇಳಿಸುವ ಜಾಗ, ತಂತಿ ಎಳೆಯುವ ಯಂತ್ರ ನಿಲ್ಲಿಸುವ ಜಾಗ, ಕೂಲಿಯವರ ಶೆಡ್, ಇವು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಅರ್ಜಿಯಲ್ಲಿ ಇವನ್ನೂ ಹೆಸರಿಸಿ ಬರೆಯಿರಿ. ತಂತಿ ಮೇಲೆ ಹಾದುಹೋದರೆ ನೆಲದ ಕೆಳಗಿನದಕ್ಕೆ ಏನೂ ಆಗುವುದಿಲ್ಲ. ಊರೊಳಗೆ ನೆಲದಡಿ ಕೇಬಲ್ ಹಾಕುವಾಗಲೇ ಜಾಸ್ತಿ ಎಚ್ಚರ ಬೇಕು. ಟವರ್ ಅಲ್ಲೊಂದು ಇಲ್ಲೊಂದು ಗುಂಡಿ ತೋಡಿದರೆ, ಕೇಬಲ್ ಉದ್ದಕ್ಕೂ ಕಾಲುವೆ ಕೊರೆಯುತ್ತದೆ.

ಹಾಗೆ ಕಾಲುವೆ ಕೊರೆದಾಗ ಸಿಕ್ಕಿದ್ದೂ ಇದೆ. 1891ರಲ್ಲಿ ಯಶವಂತಪುರದ ಬಳಿ ರೈಲು ಕೆಲಸಕ್ಕೆ ಅಗೆದಾಗ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಗಂಗರ ದೊರೆ ಶ್ರೀಪುರುಷನ ಕಾಲದ, ಸುಮಾರು 750ರ ಶಾಸನ ಇರುವ ವೀರಗಲ್ಲು ಬಂತು. ಕಾಳಗದಲ್ಲಿ ಸತ್ತ ಕಿತ್ತಯ್ಯ ಅನ್ನುವವನ ಕಲ್ಲು ಅದು. ಶಾಸನ ಕಲ್ಲುಗಳ ಮೇಲೆ ಪ್ರೀತಿ ಇರುವ ಕೆಲವರ ಕಣ್ಣಿಗೆ ಸಮಯಕ್ಕೆ ಬಿದ್ದದ್ದರಿಂದ ಉಳಿಯಿತು, ಊರಿನವರು ಸೇರಿ ಅದಕ್ಕೊಂದು ಮಂಟಪ ಕಟ್ಟಿಸಿದರು. ಬೇಗೂರಿನ ವೀರಗಲ್ಲಿನಲ್ಲಿ 'ಬೆಂಗಳೂರ ಕಾಳಗ' ಅಂತ ಬರೆದಿರದಿದ್ದರೆ, ಕೆಂಪೇಗೌಡರಿಗಿಂತ ಆರು ನೂರು ವರ್ಷಕ್ಕೂ ಮೊದಲೇ ಈ ಹೆಸರು ಇತ್ತು ಅಂತ ಹೇಗೆ ಗೊತ್ತಾಗುತ್ತಿತ್ತು? ನಿಮ್ಮ ಕೆರೆ ಏರಿಯ ಕಲ್ಲನ್ನು ಯಾರಾದರೂ ಓದಿದ್ದಾರಾ? ಅಕ್ಷರ ಇದ್ದರೆ ಮಿಥಿಕ್ ಸೊಸೈಟಿಯವರಿಗೆ ತಿಳಿಸಿ. ನೃಪತುಂಗ ರಸ್ತೆಯಲ್ಲಿದೆ ಅವರ ಕಚೇರಿ. ಬೆಂಗಳೂರು ಸುತ್ತಲಿನ ಶಾಸನಗಳನ್ನು ಅವರು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ.

ಈಗ ನೀವು ಮಾಡಬೇಕಾದದ್ದು. ಭಾನುವಾರ ಊರಿಗೆ ಹೋದಾಗ ಫೋಟೋ ತೆಗೆಯಿರಿ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಅಳತೆ ಗೊತ್ತಾಗಲು ಪಕ್ಕದಲ್ಲಿ ಟೇಪ್ ಇಡಿ. ಟವರ್ ಗೂಟವೂ ಚಪ್ಪಡಿಯೂ ಒಂದೇ ಫೋಟೋದಲ್ಲಿ ಬರುವ ಹಾಗೆ ಒಂದು ತೆಗೆಯಿರಿ, ನಡುವಿನ ದೂರ ಅಳೆದು ಬರೆದಿಡಿ. ಸರ್ವೆ ನಂಬರನ್ನು ದಿಶಾಂಕ್ ಆ್ಯಪ್‌ನಲ್ಲಿ ಖಚಿತ ಮಾಡಿಕೊಳ್ಳಿ. ಕಲ್ಲಿಗೆ ಸುಣ್ಣ ಬಳಿಯಬೇಡಿ, ತಂತಿ ಬ್ರಷ್ ಹಾಕಿ ತಿಕ್ಕಬೇಡಿ. ಏನಿದೆ ನೋಡೋಣ ಅಂತ ಅಗೆಯಲೇಬೇಡಿ. ಮಣ್ಣು ಕದಲಿದರೆ ಯಾವುದು ಎಲ್ಲಿತ್ತು ಅನ್ನುವ ಲೆಕ್ಕವೇ ಹೋಗುತ್ತದೆ. ಜಾಗದ ಗುರುತನ್ನು ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ನಿಧಿ ಆಸೆಗೆ ಅಮಾವಾಸ್ಯೆ ರಾತ್ರಿ ಕಲ್ಲು ಕಿತ್ತು ಗುಂಡಿ ತೋಡಿ ಹೋಗುವವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ.

ಒಂದೇ ಅರ್ಜಿಯನ್ನು ಮೂರು ಕಡೆ ಕೊಡಿ: ಲೈನ್ ಕೆಲಸ ನೋಡುವ ಕಾರ್ಯಪಾಲಕ ಎಂಜಿನಿಯರ್, ರಾಜ್ಯದ ಪುರಾತತ್ವ ಇಲಾಖೆ (ಮುಖ್ಯ ಕಚೇರಿ ಮೈಸೂರಿನಲ್ಲಿದೆ), ಮತ್ತು ಜಿಲ್ಲಾಧಿಕಾರಿ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ವೃತ್ತದ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ, ಅಲ್ಲಿಗೂ ಒಂದು ಪ್ರತಿ ಇರಲಿ. ಪ್ರತಿ ಕಡೆ ಸೀಲ್ ಹಾಕಿಸಿಕೊಂಡು ಸ್ವೀಕೃತಿ ತೆಗೆದುಕೊಳ್ಳಿ. 'ಲೈನ್ ಬೇಡ' ಅಂತ ಬರೆಯಬೇಡಿ. ಲೈನಿಗೆ ನಿಮ್ಮ ವಿರೋಧ ಇದ್ದರೆ, ಪರಿಹಾರ ಸಾಲದಿದ್ದರೆ ಅದಕ್ಕೆ ಬೇರೆ ಅರ್ಜಿ ಹಾಕಿ. ಎರಡನ್ನೂ ಬೆರೆಸಿದರೆ ವೀರಗಲ್ಲು ನೆಪಕ್ಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಕಲ್ಲಿನ ಮಾತು ಅಲ್ಲಿಗೆ ಮುಗಿಯುತ್ತದೆ. ಕೇಳಬೇಕಾದದ್ದು ಇಷ್ಟೇ: ಗುಂಡಿ ತೋಡುವ ಮೊದಲು ತಿಳಿದವರೊಬ್ಬರು ಬಂದು ಹೊಲ ನಡೆದು ನೋಡಲಿ, ಟವರ್ ಮತ್ತು ಲಾರಿ ದಾರಿಯನ್ನು ಕಲ್ಲುಗಳಿಂದ ದೂರ ಇಡಲಿ, ಕಲ್ಲಿನ ಸುತ್ತ ಟೇಪ್ ಕಟ್ಟಲಿ, ಗುಂಡಿ ತೋಡುವ ದಿನ ನಿಮಗೆ ಮೊದಲೇ ತಿಳಿಸಲಿ.

ಆ ದಿನ ರಜೆ ಹಾಕಿ ಹೋಗಿ. ಜೆಸಿಬಿ ಮೊದಲ ಮೂರು ನಾಲ್ಕು ಅಡಿ ತೆಗೆಯುವಾಗ ಗುಂಡಿಯ ಗೋಡೆ ನೋಡುತ್ತಿರಿ. ಕೆಂಪು ಮಣ್ಣಿನ ನಡುವೆ ಬೂದಿ ಬಣ್ಣದ ಪಟ್ಟೆ, ಸಾಲಾಗಿ ಚೂರುಗಳು, ನೆಟ್ಟಗೆ ನಿಂತ ಚಪ್ಪಡಿಯ ಅಂಚು ಕಂಡರೆ ನಿಲ್ಲಿಸಲು ಹೇಳಿ, ಎಂಜಿನಿಯರ್‌ಗೂ ತಹಶೀಲ್ದಾರ್‌ಗೂ ಅಲ್ಲಿಂದಲೇ ಫೋನ್ ಮಾಡಿ. ತಂದೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆ ಹೊಲದ ಮಣ್ಣು ಎಲ್ಲೆಲ್ಲಿ ಯಾವ ಬಣ್ಣ, ನೇಗಿಲು ಎಲ್ಲಿ ಕಲ್ಲಿಗೆ ತಾಗುತ್ತದೆ ಅನ್ನುವುದು ನನಗಿಂತ, ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅಷ್ಟರೊಳಗೆ ಬೋಕಿಗಳ ಫೋಟೋ, ಒಳಮೈ ಒಂದು, ಹೊರಮೈ ಒಂದು, ನನಗೆ ಕಳಿಸಿ.